ಹಾಳೆ ತಟ್ಟೆ ಅಚ್ಚು ಕೊರೆಯೋಕೆ ಎರಡೂವರೆ ಲಕ್ಷದೊಳಗೆ ಸಿಎನ್‌ಸಿ ಮಿಲ್ಲಿಂಗ್: ಈ ಪಟ್ಟಿ ಸರಿ ಇದೆಯಾ?

ಹಾಳೆತಟ್ಟೆ_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಹಾಳೆ ತಟ್ಟೆ ಘಟಕಗಳಿಗೆ ಅಲ್ಯೂಮಿನಿಯಂ ಅಚ್ಚು ಮಾಡಿಕೊಡುವ ಕೆಲಸಕ್ಕೆ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಿಲ್ಲಿಂಗ್ ಮೆಷಿನ್ ಕಟ್ಟಬೇಕು. 6, 8, 10 ಇಂಚಿನ ದುಂಡು ತಟ್ಟೆ, 8 ಇಂಚಿನ ಚೌಕ, ಮೂರು ಭಾಗದ ಊಟದ ತಟ್ಟೆ, ಇಷ್ಟಕ್ಕೂ ಗಂಡು ಹೆಣ್ಣು ಎರಡೂ ಅಚ್ಚು. ಅಳತೆ 0.1 ಮಿ.ಮೀ. ಒಳಗೆ ಸಿಕ್ಕರೆ ಸಾಕು. ಶೆಡ್ 12×14 ಅಡಿ, ಕರೆಂಟು ಸಿಂಗಲ್ ಫೇಸ್, ಬಜೆಟ್ 2.5 ಲಕ್ಷ.

ಈಗಿನ ಪಟ್ಟಿ: 40×80 ಅಲ್ಯೂಮಿನಿಯಂ ಪ್ರೊಫೈಲ್ ಫ್ರೇಮ್, ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡ ಸೇತುವೆ) ಓಡಾಡುವ ವಿನ್ಯಾಸ, ಕೆಲಸದ ಜಾಗ 600×600. ಎಸ್‌ಬಿಆರ್20 ದುಂಡು ರೈಲು, ಎಸ್‌ಎಫ್‌ಯು1605 ಬಾಲ್‌ಸ್ಕ್ರೂ, 3 ನ್ಯೂಟನ್ ಮೀಟರಿನ ನೆಮಾ 23 ಸ್ಟೆಪ್ಪರ್ ಮೋಟರ್, ಟಿಬಿ6600 ಡ್ರೈವರ್, 24 ವೋಲ್ಟ್ ಸಪ್ಲೈ, 2.2 ಕಿಲೋವ್ಯಾಟ್ ವಾಟರ್ ಕೂಲ್ ಸ್ಪಿಂಡಲ್ (ಕಟ್ಟರ್ ತಿರುಗಿಸೋ ಮೋಟರ್), ಆರ್ಡುಯಿನೊ ಊನೊ ಬೋರ್ಡ್ ಮೇಲೆ ಮೆಷಿನ್ ನಡೆಸೋ ಜಿಆರ್‌ಬಿಎಲ್ ಸಾಫ್ಟ್‌ವೇರ್.

ಫ್ರೇಮ್ ತಡೆಯುತ್ತಾ? ಇದರಲ್ಲೇ ಎಂಎಸ್ (ಮೈಲ್ಡ್ ಸ್ಟೀಲ್) ಅಚ್ಚನ್ನೂ ಕೊರೆಯಬಹುದಾ?

ಕರೂರು_ಫಿಟ್ಟರ್:

ತಡೆಯಲ್ಲ. ದುಡ್ಡೆಲ್ಲ ಸ್ಪಿಂಡಲ್‌ಗೆ ಹೋಗಿದೆ, ಫ್ರೇಮ್‌ಗೆ ಏನೂ ಉಳಿದಿಲ್ಲ. ಒಂದು ಲೆಕ್ಕ ನೋಡಿ. 6 ಮಿ.ಮೀ. ಕಟ್ಟರ್ ಅನ್ನು 6 ಮಿ.ಮೀ. ಆಳ, 1 ಮಿ.ಮೀ. ಅಗಲದ ಕಟ್‌ನಲ್ಲಿ ನಿಮಿಷಕ್ಕೆ 1000 ಮಿ.ಮೀ. ಓಡಿಸಿದರೆ ನಿಮಿಷಕ್ಕೆ 6 ಘನ ಸೆಂ.ಮೀ. ಲೋಹ ಹೋಗುತ್ತೆ. ಅಲ್ಯೂಮಿನಿಯಂಗೆ ಅದಕ್ಕೆ ಬೇಕಾದ ಶಕ್ತಿ ಹೆಚ್ಚು ಕಮ್ಮಿ 80 ವ್ಯಾಟ್. 2.2 ಕಿಲೋವ್ಯಾಟ್ ಸ್ಪಿಂಡಲ್ ಸುಸ್ತಾಗೋ ಮುಂಚೆ ನಿಮ್ಮ ಫ್ರೇಮ್ ಅದುರಿ ಕಟ್ಟರ್ ಮುರಿದಿರುತ್ತೆ. ಕೆಲಸದ ವೇಗ, ಫಿನಿಶಿಂಗ್, ಕಟ್ಟರ್ ಬಾಳಿಕೆ ಎಲ್ಲ ಫ್ರೇಮ್ ಎಷ್ಟು ಬಿಗಿಯಾಗಿದೆ ಅನ್ನೋದರ ಮೇಲೆ.

600×600 ಯಾಕೆ? 10 ಇಂಚು ಅಂದರೆ 254 ಮಿ.ಮೀ., ಅಂಚು ಸೇರಿ 300 ಮಿ.ಮೀ. ಚೌಕದ ಬ್ಲಾಕು. ಓಟ 350×350×150 ಇಟ್ಟರೆ ಆಯ್ತು. ಇಷ್ಟು ಸಣ್ಣದಾದರೆ ಗ್ಯಾಂಟ್ರಿಯನ್ನು ಬೆಡ್‌ಗೆ ಗಟ್ಟಿಯಾಗಿ ಕೂರಿಸಿ ಟೇಬಲ್ ಓಡಿಸಿ. ಮೆಷಿನ್ ಉದ್ದ ಜಾಸ್ತಿ ಬೇಡುತ್ತೆ, ಟೇಬಲ್ ಓಡೋ ವೈ ರೈಲು 800 ಮಿ.ಮೀ. ಆದರೂ ಬೇಕು, ಆದರೆ ಎತ್ತರದಲ್ಲಿರೋ ಭಾರದ ಗ್ಯಾಂಟ್ರಿ ಅಲುಗಾಡೋ ತಾಪತ್ರಯ ಇಲ್ಲ.

ಫ್ರೇಮ್‌ಗೆ 100×100×6 ಎಂಎಸ್ ಚೌಕ ಪೈಪು. ಗ್ಯಾಂಟ್ರಿಗೆ ಎರಡು ಪೈಪು ಒಂದರ ಮೇಲೊಂದು. ಉಕ್ಕು ಅಲ್ಯೂಮಿನಿಯಂಗಿಂತ ಮೂರು ಪಟ್ಟು ಬಿಗಿ, ಬೆಲೆಯೂ ಕಮ್ಮಿ. ರೈಲು ಕೂರೋ ಕಡೆ ಪ್ಯಾಡಾಗಿ 40×12 ಫ್ಲಾಟ್ ಪಟ್ಟಿ ಬೆಸುಗೆ ಹಾಕಿ. ಬೆಸುಗೆ ಒಂದೇ ಕಡೆ ಉದ್ದಕ್ಕೆ ಎಳೀಬೇಡಿ. 40 ಮಿ.ಮೀ. ಹಾಕಿ, 60 ಬಿಟ್ಟು, ಎದುರು ಬದಿಗೆ ಹೋಗಿ, ಹೀಗೆ ಅದಲು ಬದಲು.

ಬೆಸುಗೆ ಆದ ಕೂಡಲೇ ಮಿಲ್ಲಿಂಗ್‌ಗೆ ಕೊಡೋದು ಎಲ್ಲರೂ ಮಾಡೋ ತಪ್ಪು. ಬೆಸುಗೆಯ ಒಳಬಿಗಿತ ನಿಧಾನಕ್ಕೆ ಬಿಡ್ತಾ ಹೋಗಿ ಫ್ರೇಮ್ ತಿರುಚಿಕೊಳ್ಳುತ್ತೆ. ಇವತ್ತು ಸಮತಟ್ಟಾಗಿದ್ದ ಪ್ಯಾಡು ಮೂರು ತಿಂಗಳಿಗೆ ಇರಲ್ಲ. ಭಟ್ಟಿ ಇರೋ ಕಡೆ ಕೊಟ್ಟು 550ರಿಂದ 600 ಡಿಗ್ರಿಗೆ ಏರಿಸಿ, ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ ಲೆಕ್ಕದಲ್ಲಿ ಹಿಡಿದು, ಭಟ್ಟಿಯೊಳಗೇ ನಿಧಾನ ಆರೋಕೆ ಬಿಡಬೇಕು. ಪೈಪಿನ ಎರಡೂ ಬಾಯಿ ಮುಚ್ಚಿ ಬೆಸುಗೆ ಹಾಕಿದ್ದರೆ ಒಂದು ತೂತು ಇರಲಿ, ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ಅಪಾಯ.

ಆಮೇಲೆ ಪ್ಲಾನೊ (ದೊಡ್ಡ ಮಿಲ್ಲಿಂಗ್ ಮೆಷಿನ್) ಇರೋ ಶಾಪಿನಲ್ಲಿ ಎಲ್ಲ ಪ್ಯಾಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಹೊಡೆಸಿ. ಹರಿಹರದಲ್ಲಿ ಮೆಷಿನ್ ಟೂಲ್ ಕೆಲಸದ ಅಭ್ಯಾಸ ಇರೋ ಶಾಪುಗಳು ಸಿಗುತ್ತವೆ, ಅಲ್ಲಿನ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲೂ ವಿಚಾರಿಸಬಹುದು. ಕೇಳಬೇಕಾದ್ದು ಇಷ್ಟೆ: 500 ಮಿ.ಮೀ. ಉದ್ದಕ್ಕೆ ಏರಿಳಿತ 0.02 ಮಿ.ಮೀ., ಮತ್ತು ಒಂದು ಬದಿಯ ರೈಲಿಗೆ ಒರಗು ಮೆಟ್ಟಿಲು (ರೈಲಿನ ಪಕ್ಕ ಒತ್ತಿ ನಿಲ್ಲೋ ಅಂಚು).

ಎಸ್‌ಬಿಆರ್ ಬಿಟ್ಟು ಎಚ್‌ಜಿಆರ್20 ಚೌಕ ರೈಲು ತಗೊಳ್ಳಿ. ದುಂಡು ರೈಲಿನ ಬ್ಲಾಕ್ ಕೆಳಗೆ ತೆರೆದಿರುತ್ತೆ, ಮೇಲಕ್ಕೆ ಎಳೆದರೆ ಬಾಯಿ ಬಿಡುತ್ತೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ಜಾಬನ್ನು (ಕೊರೆಯೋ ಲೋಹವನ್ನು) ಮೇಲಕ್ಕೇ ಎಳೆಯೋದು. ಎಚ್‌ಜಿಆರ್20ಗೆ ಎಂ5 ಬೋಲ್ಟು, 60 ಮಿ.ಮೀ.ಗೆ ಒಂದು. ಮೆಟ್ಟಿಲಿಗೆ ಒರಗಿಸಿದ ರೈಲನ್ನು ಮೊದಲು ಬಿಗಿದು, ಅದರ ಬ್ಲಾಕಿಗೆ ಡಯಲ್ ಗೇಜ್ ಕೂರಿಸಿ, ಎರಡನೇ ರೈಲಿನ ಪಕ್ಕವನ್ನು ಉದ್ದಕ್ಕೂ ಓದುತ್ತಾ ನಡುವಿನಿಂದ ತುದಿಗೆ ಬಿಗಿಯುತ್ತಾ ಹೋಗಿ. ಟೇಬಲ್ ಒಂದು ತುದಿಗೆ ಹೋದಾಗ ಮಾತ್ರ ಬಿಗಿಯಾದರೆ ರೈಲು ಸಮಾಂತರ ಇಲ್ಲ ಅಂತಲೇ ಅರ್ಥ. ಗ್ರೀಸ್ ಹಾಕಿದರೆ ಸರಿಹೋಗಲ್ಲ.

ಝಡ್ (ಮೇಲೆ ಕೆಳಗೆ ಓಡೋ ಆಕ್ಸಿಸ್) ಚಾಚಿನ ಮೇಲೆ ಕಣ್ಣಿಡಿ. ಗ್ಯಾಂಟ್ರಿ ಮುಖದಿಂದ ಸ್ಪಿಂಡಲ್ ನಡುವಿನವರೆಗೆ ಎಷ್ಟು ಕಮ್ಮಿ ಆದರೆ ಅಷ್ಟು ಒಳ್ಳೇದು. ಬಾಗುವಿಕೆ ಉದ್ದದ ಘನಕ್ಕೆ ಏರುತ್ತೆ: ಚಾಚು 150 ಇದ್ದದ್ದು 200 ಆದರೆ ಬಾಗುವಿಕೆ 2.4 ಪಟ್ಟು. ಕಟ್ಟರನ್ನು ಕೋಲೆಟ್‌ನಿಂದ (ಅದನ್ನು ಬಿಗಿಯಾಗಿ ಹಿಡಿಯೋ ಹಿಡಿಕೆಯಿಂದ) ಹೊರಗೆ ಬಿಡೋದಕ್ಕೂ ಇದೇ ಲೆಕ್ಕ.

ಹರಿಹರ_ಟರ್ನರ್:

ಕರೂರಿನ ಅಣ್ಣ ಹೇಳಿದ್ದೆಲ್ಲ ಖರೆ. ಆದ್ರ ಮೂಲ ಪ್ರಶ್ನೆನ ಯಾರೂ ಕೇಳಿಲ್ಲ ನೋಡ್ರಿ. ದುಂಡು ತಟ್ಟಿ ಅಚ್ಚಿಗೆ ಮಿಲ್ಲಿಂಗ್ ಯಾಕ್ ಬೇಕು? ಅದು ಲೇತ್ ಕೆಲಸ. 1941ರಾಗ ಶುರುವಾದ ಲೇತ್ ಕಂಪನಿ ಮೈಸೂರು ಕಿರ್ಲೋಸ್ಕರ್ ಇದ್ದ ಊರು ಹರಿಹರ, ಈ ಸುತ್ತಿನಾಗ ಒಳ್ಳೆ ಲೇತಿಗೆ ಬರ ಇಲ್ಲ. 10 ಇಂಚಿನ ಅಚ್ಚಿಗೆ 290 ಮಿ.ಮೀ. ದುಂಡು ಬಿಲ್ಲೆ ಕತ್ತರಿಸಿ ಫೇಸ್‌ಪ್ಲೇಟಿಗೆ ಬಿಗದ್ರ ಆತು. 300 ಚೌಕದ ಬ್ಲಾಕು ಹಂಗೇ ಹಿಡಿಯಾಕ ಹೋಗಬ್ಯಾಡ್ರಿ, ಮೂಲೆಯಿಂದ ಮೂಲೆಗೆ 424 ಮಿ.ಮೀ. ಬರ್ತತಿ. 8 ಇಂಚು ಸೆಂಟರ್ ಎತ್ತರದ ಲೇತಿನಾಗ 406 ಮಿ.ಮೀ. ಮೇಲೆ ತಿರುಗಂಗಿಲ್ಲ, ಬೆಡ್ಡಿಗೆ ಬಡೀತತಿ. ಮಿಲ್ಲಿಂಗಿನಾಗ ನಾಕೈದು ತಾಸು ತಿನ್ನೋ ಕೆಲಸ ಲೇತಿನಾಗ ಬೇಗ ಮುಗೀತತಿ, ಫಿನಿಶಿಂಗೂ ಚಂದ. ಚೌಕ ತಟ್ಟಿ, ಭಾಗದ ತಟ್ಟಿ, ಅಂಚಿಗೆ ಅಲೆ ಇರೋವು, ಇವಕ್ಕಷ್ಟ ಸಿಎನ್‌ಸಿ.

ಎಂಎಸ್ ಅಂದ್ರೆಲ್ಲ, ಈ 24,000 ಆರ್‌ಪಿಎಂ ಸ್ಪಿಂಡಲ್ ಅದಕ್ಕ ಅಲ್ಲ. 6 ಮಿ.ಮೀ. ಕಾರ್ಬೈಡ್ ಕಟ್ಟರ್ ಉಕ್ಕಿನಾಗ 80ರಿಂದ 100 ಮೀಟರ್ ವೇಗಕ್ಕ ಓಡಬೇಕು, ಅಂದ್ರ 4,200ರಿಂದ 5,300 ಆರ್‌ಪಿಎಂ. ಅಷ್ಟು ಕೆಳಗ ಆ ಸ್ಪಿಂಡಲ್ಲಿನಾಗ ಜೀವ ಇರಂಗಿಲ್ಲ. ಎಂಎಸ್ ಆರ್ಡರ್ ಖಾಯಂ ಇದ್ರ ಹಳೇ ನೀ-ಟೈಪ್ ಮಿಲ್ಲಿಂಗ್ ಮೆಷಿನ್ ತಗೊಂಡು ಮೂರು ಆಕ್ಸಿಸ್ಸಿಗೆ ಬಾಲ್‌ಸ್ಕ್ರೂ, ಸರ್ವೊ ಹಾಕೋದು ಮೇಲು. ಎರಕದ ಮೈ, ಅದುರೋ ಮಾತೇ ಇಲ್ಲ. ತಗೊಳ್ಳೋವಾಗ ಟೇಬಲ್ ನಡುವ ಪ್ಲೇ (ಸಡಿಲ) ಇಲ್ಲದಂಗ ಜಿಬ್ ಪಟ್ಟಿ ಬಿಗದು, ಎರಡೂ ತುದಿಗೆ ತಿರುಗಿಸಿ ನೋಡ್ರಿ. ನಡುವ ಸವೆದಿದ್ರ ತುದಿಗೆ ಹೋಗ್ತಿದ್ದಂಗ ಹಿಡ್ಕೊಂತತಿ. ಅಂಥಾದ್ದು ಸ್ಕ್ರೇಪಿಂಗ್ (ಕೈಲೆ ಹೆರೆದು ಸಮ ಮಾಡೋದು) ಇಲ್ಲದ ಸರಿ ಆಗಂಗಿಲ್ಲ, ಬಿಟ್ಟುಬಿಡ್ರಿ. ಇದಕ್ಕ ತ್ರೀ ಫೇಸ್ ಬೇಕು, ಶೆಡ್ಡಿನ ನೆಲಾನೂ ಗಟ್ಟಿ ಇರಬೇಕು.

ಹಾಳೆತಟ್ಟೆ_ದಾವಣಗೆರೆ:

ದುಂಡು ಅಚ್ಚನ್ನ ಲೇತಿಗೆ ಹೊರಗೆ ಕೊಡೋದು ಅಂತ ಆಯ್ತು ಸರ್. ಎಂಎಸ್ ಬಿಟ್ಟೆ. ಸಿಂಗಲ್ ಫೇಸ್‌ನಲ್ಲೇ ಇರಬೇಕು, ಹಾಗಾಗಿ ಹಳೇ ಮೆಷಿನ್ ಸದ್ಯಕ್ಕಿಲ್ಲ. ಡ್ರೈವರ್, ಕಂಟ್ರೋಲರ್ ಬಗ್ಗೆ ಯಾರಾದರೂ ಹೇಳಿ. ವೋಲ್ಟೇಜ್ ಏರಿಳಿತ, ಮಧ್ಯೆ ಕರೆಂಟ್ ಹೋಗೋದು, ಇವಕ್ಕೆ ಏನು ಮಾಡೋದು?

ದುರ್ಗದ_ವೈರಿಂಗ್:

ಕರೆಂಟ್ ಹೋದಾಗ ಮೊದಲು ಏನಾಗುತ್ತೆ ಅಂದರೆ ಸ್ಪಿಂಡಲ್ ಹೆಡ್ ತಾನಾಗೇ ಕೆಳಗೆ ಇಳಿಯುತ್ತೆ. ಬಾಲ್‌ಸ್ಕ್ರೂ ಹಳೇ ಆಕ್ಮಿ ಸ್ಕ್ರೂ ಥರ ತನ್ನಷ್ಟಕ್ಕೆ ಹಿಡಿದು ನಿಲ್ಲಲ್ಲ. ಕಟ್ಟರ್ ಜಾಬಿನೊಳಗೆ ನಾಟಿಕೊಳ್ಳುತ್ತೆ, ಎರಡೂ ಹಾಳು. ಝಡ್‌ಗೆ ಬ್ರೇಕ್ ಇರೋ ಮೋಟರ್ ಹಾಕಿ. ಕರೆಂಟ್ ಇದ್ದಾಗ ಬಿಟ್ಟು, ಹೋದಾಗ ಹಿಡಿಯೋ 24 ವೋಲ್ಟಿನ ಬ್ರೇಕ್. ಇಲ್ಲವೇ ಹೆಡ್ ತೂಕ ಹೊರೋ ಗ್ಯಾಸ್ ಸ್ಪ್ರಿಂಗ್ ಕೊಡಿ.

ಎರಡನೇದು ಇನ್ನೂ ಕೆಟ್ಟದ್ದು. ವೋಲ್ಟೇಜ್ ಒಂದು ಕ್ಷಣ ಕುಸಿದರೆ ವಿಎಫ್‌ಡಿ (ಸ್ಪಿಂಡಲ್ ವೇಗ ನಡೆಸೋ ಡ್ರೈವ್) ಟ್ರಿಪ್ ಆಗಿ ಸ್ಪಿಂಡಲ್ ನಿಲ್ಲುತ್ತೆ, ಎಸ್‌ಎಂಪಿಎಸ್ (ಸ್ಟೆಪ್ಪರ್‌ಗಳ ಡಿಸಿ ಸಪ್ಲೈ) ಮಾತ್ರ ತಡೆದುಕೊಂಡು ಆಕ್ಸಿಸ್‌ಗಳು ಓಡ್ತಾನೇ ಇರುತ್ತವೆ. ತಿರುಗದ ಕಟ್ಟರನ್ನು ಲೋಹಕ್ಕೆ ನುಗ್ಗಿಸಿದ ಹಾಗೆ. ಹೆಚ್ಚಿನ ವಿಎಫ್‌ಡಿಗಳಲ್ಲಿ ಫಾಲ್ಟ್ ರಿಲೇ ಔಟ್‌ಪುಟ್ ಇರುತ್ತೆ. ಅದನ್ನ ಕಂಟ್ರೋಲರಿನ ಫೀಡ್ ಹೋಲ್ಡ್ (ಓಟ ತಡೆಯೋ) ಪಿನ್ನಿಗೆ ಎಳೆದುಬಿಡಿ. ಎರಡು ವೈರಿನ ಕೆಲಸ, ಯಾರೂ ಮಾಡಲ್ಲ.

ಟಿಬಿ6600, 24 ವೋಲ್ಟ್ ಎರಡನ್ನೂ ಮರೆತುಬಿಡಿ. ಸ್ಟೆಪ್ಪರ್ ವೇಗ ಏರಿದಷ್ಟೂ ಕಾಯಿಲ್‌ಗೆ ಕರೆಂಟ್ ತುಂಬೋಕೆ ಸಮಯ ಸಾಲದೆ ಬಲ ಇಳಿಯುತ್ತೆ, ಅದಕ್ಕೇ ವೋಲ್ಟೇಜ್ ಜಾಸ್ತಿ ಬೇಕಾಗೋದು. ಬದಲಿಗೆ ಡಿಎಂ556 ಡ್ರೈವರ್ ಹಾಕಿ, ಅದು ಗರಿಷ್ಠ 50 ವೋಲ್ಟ್ ತಡೆಯುತ್ತೆ. ಮೋಟರ್ ಥಟ್ಟನೆ ನಿಂತಾಗ ವೋಲ್ಟೇಜ್ ಹಿಂದಕ್ಕೆ ಏರೋದರಿಂದ 48 ವೋಲ್ಟ್ ಎಸ್‌ಎಂಪಿಎಸ್‌ನ ಸಣ್ಣ ತಿರುಪು ತಿರುಗಿಸಿ 44ಕ್ಕೆ ಇಳಿಸಿಡಿ. ಮೂರು ಮೋಟರಿಗೆ 350 ವ್ಯಾಟ್ ಸಾಕು. ಬಜೆಟ್ ಬಿಟ್ಟರೆ ಕ್ಲೋಸ್ಡ್ ಲೂಪ್ (ಎಷ್ಟು ತಿರುಗಿತು ಅಂತ ತಾನೇ ಅಳೆಯೋ) ಮೋಟರ್ ತಗೊಳ್ಳಿ. ಬಲ ಜಾಸ್ತಿ ಅಂತಲ್ಲ, ಸ್ಟೆಪ್ ತಪ್ಪಿದರೆ ಅಲಾರ್ಮ್ ಕೊಡುತ್ತೆ ಅಂತ. ಓಪನ್ ಲೂಪ್‌ನಲ್ಲಿ ಎರಡನೇ ತಾಸಿನಲ್ಲಿ ತಪ್ಪಿದ್ದು ನಾಲ್ಕನೇ ತಾಸಿಗೆ ಗೊತ್ತಾಗುತ್ತೆ.

ಲೆಕ್ಕ: 200 ಸ್ಟೆಪ್ × 8 ಮೈಕ್ರೊಸ್ಟೆಪ್ = ಸುತ್ತಿಗೆ 1600. 5 ಮಿ.ಮೀ. ಲೀಡ್‌ಗೆ ಮಿ.ಮೀ.ಗೆ 320 ಸ್ಟೆಪ್, ಇದೇ ಜಿಆರ್‌ಬಿಎಲ್‌ನ $100, $101, $102 ಸೆಟ್ಟಿಂಗ್‌ಗೆ. ನಿಮಿಷಕ್ಕೆ 3000 ಮಿ.ಮೀ. ಓಟಕ್ಕೆ 16 ಕಿಲೋಹರ್ಟ್ಸ್. ಊನೊ 30ರ ತನಕ ಕೊಡುತ್ತೆ, ಹಾಗಾಗಿ ಸ್ಟೆಪ್ ಲೆಕ್ಕದಲ್ಲಿ ಊನೊ ಸಾಕು. ಸಾಲದಿರೋದು ಬೇರೆ ಕಡೆ. ಅಚ್ಚಿನ ಫಿನಿಶಿಂಗ್ ಪ್ರೋಗ್ರಾಮ್ ಅಂದರೆ ಚೂರುಚೂರು ಗೆರೆಗಳು, ಲಕ್ಷಗಟ್ಟಲೆ ಸಾಲು. 0.05 ಮಿ.ಮೀ. ತುಂಡುಗಳಲ್ಲಿ ನಿಮಿಷಕ್ಕೆ 1200 ಮಿ.ಮೀ. ಫೀಡ್ (ಓಟದ ವೇಗ) ಅಂದರೆ ಸೆಕೆಂಡಿಗೆ 400 ಸಾಲು. ಸಾಲಿಗೆ 25 ಅಕ್ಷರ ಹಿಡಿದರೆ 10,000 ಅಕ್ಷರ. 115200 ಬಾಡ್‌ನ ಯುಎಸ್‌ಬಿ ಸಾಲಿನ ಮಿತಿಯೇ 11,520. ಮೆಷಿನ್ ತಡೆತಡೆದು ಓಡಿ ಮೈಮೇಲೆ ಗುರುತು ಬಿಡುತ್ತೆ. ಜೊತೆಗೆ ವಿಎಫ್‌ಡಿಯ ವಿದ್ಯುತ್ ಗದ್ದಲಕ್ಕೆ ಯುಎಸ್‌ಬಿ ಕಳಚಿಕೊಳ್ಳೋದು. ಇಎಸ್‌ಪಿ32 ಬೋರ್ಡ್ ಮೇಲೆ ಜಿಆರ್‌ಬಿಎಲ್ ಬಳಗದ್ದೇ ಆದ ಫ್ಲೂಯಿಡ್‌ಎನ್‌ಸಿ ಹಾಕಿ, ಪ್ರೋಗ್ರಾಮನ್ನು ಎಸ್‌ಡಿ ಕಾರ್ಡಿನಿಂದ ಓಡಿಸಿ, ಲ್ಯಾಪ್‌ಟಾಪ್ ಆಚೆ ಇಡಿ. ಅದರಲ್ಲಿ ಮೇಲಿನ $ ನಂಬರುಗಳ ಬದಲು ಕಾನ್ಫಿಗ್ ಫೈಲಿನಲ್ಲಿ ಅದೇ 320 ಬರೆಯಬೇಕು.

ವಿಎಫ್‌ಡಿಗೆ ಮೊದಲ ಸಲ ಕರೆಂಟ್ ಕೊಟ್ಟಾಗ ಸ್ಪಿಂಡಲ್ ಓಡಿಸೋ ಮುಂಚೆ ಬೇಸ್ ಫ್ರೀಕ್ವೆನ್ಸಿ, ಮ್ಯಾಕ್ಸ್ ಫ್ರೀಕ್ವೆನ್ಸಿ ಎರಡೂ 400 ಹರ್ಟ್ಸ್ ಇದೆಯಾ ನೋಡಿ. ಬೇಸ್ 50ರಲ್ಲೇ ಉಳಿದಿದ್ದರೆ 50 ಹರ್ಟ್ಸ್‌ಗೇ ಪೂರ್ತಿ 220 ವೋಲ್ಟ್ ಹೋಗಿ ಸ್ಪಿಂಡಲ್ ಸುಡುತ್ತೆ. ಸ್ಪಿಂಡಲ್ ಸುಟ್ಟುಹೋಯ್ತು ಅನ್ನೋ ದೂರುಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಸ್ಪಿಂಡಲ್‌ಗೆ ನಾಲ್ಕು ಕೋರಿನ ಶೀಲ್ಡ್ ಕೇಬಲ್ಲು. ನಾಲ್ಕನೇ ಕೋರು ಸ್ಪಿಂಡಲ್ ಮೈಗೆ ಅರ್ತ್. ಕೆಲವು ಸ್ಪಿಂಡಲ್‌ಗಳಲ್ಲಿ ಕನೆಕ್ಟರಿನ ನಾಲ್ಕನೇ ಪಿನ್ನಿಗೆ ಒಳಗೆ ಏನೂ ಜೋಡಿಸಿರಲ್ಲ, ಮೀಟರ್ ಹಿಡಿದು ನೋಡಿ. ಓಟದ ಕೊನೆ ತಿಳಿಸೋ ಲಿಮಿಟ್ ಸ್ವಿಚ್‌ಗೆ 5 ವೋಲ್ಟ್ ಓಡಿಸಬೇಡಿ. 24 ವೋಲ್ಟ್ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಮಾದರಿಯ ಪ್ರಾಕ್ಸಿಮಿಟಿ ಸೆನ್ಸರ್ ಹಾಕಿ, ಆಪ್ಟೊಕಪ್ಲರ್ ಮೂಲಕ ಬೋರ್ಡಿಗೆ. ಸ್ಪಿಂಡಲ್ ಶುರುವಾದ ತಕ್ಷಣ ಹಾರ್ಡ್ ಲಿಮಿಟ್ ಅಲಾರ್ಮ್ ಬಂದರೆ ಅದು ಲಿಮಿಟ್ ಮುಟ್ಟಿದ್ದಲ್ಲ, ಗದ್ದಲ. ಆರ್‌ಸಿಸಿಬಿ (ಸೋರಿಕೆ ಕರೆಂಟಿಗೆ ಬೀಳೋ ಬ್ರೇಕರ್) ಸುಮ್ಮನೆ ಬೀಳ್ತಿದ್ದರೆ ವಿಎಫ್‌ಡಿ ಫಿಲ್ಟರಿನ ಸೋರಿಕೆ ಕರೆಂಟ್ ಇರಬಹುದು. ವಿಎಫ್‌ಡಿಗೆ ಬೇರೆ ಸರ್ಕ್ಯೂಟ್ ಮಾಡಿಸಿ. ಆರ್‌ಸಿಸಿಬಿ ಕಿತ್ತುಹಾಕೋ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಲೋಡ್ ಏರಿಸೋದಿದ್ದರೆ ಬೆಸ್ಕಾಂಗೆ ಮೊದಲೇ ಅರ್ಜಿ ಹಾಕಿ.

ಕೂಲಿಂಗ್‌ಗೆ ಬೋರ್ ನೀರು ಬೇಡ, ಒಳಗೆ ಉಪ್ಪು ಕಟ್ಟುತ್ತೆ. ಡಿಸ್ಟಿಲ್ಡ್ ನೀರಿಗೆ ಗಾಡಿ ಕೂಲಂಟ್ ಬೆರೆಸಿ. ಶೆಡ್ ಮಂಡಕ್ಕಿ ಭಟ್ಟಿ ಸಾಲಿನ ಹತ್ತಿರ ಇದ್ದರೆ ಪ್ಯಾನಲ್ ಫ್ಯಾನಿಗೆ ಫಿಲ್ಟರ್ ಬಟ್ಟೆ, ರೈಲಿಗೆ ಬೆಲ್ಲೋಸ್ ಬೇಕೇ ಬೇಕು. ಆ ಮಸಿ ಎಲ್ಲಿ ಬೇಕಾದರೂ ನುಗ್ಗುತ್ತೆ.

ಕ್ಯಾಮ್_ಬಳಗ:

ಕಟಿಂಗ್ ಬಗ್ಗೆ. ಲೋಹ 6061 ಅಥವಾ ಅಂಗಡಿಯವರು ಎಚ್‌ಇ30 ಅನ್ನೋದು. ಅಗ್ಗಕ್ಕೆ ಸಿಗೋ ಮೆತ್ತನೆ ಅಲ್ಯೂಮಿನಿಯಂ ಕಟ್ಟರಿಗೆ ಮೆತ್ತಿಕೊಳ್ಳುತ್ತೆ. ಎರಕದ ಬ್ಲಾಂಕ್ ಮಾಡಿಸಿದರೆ ಲೋಹ ಉಳಿಯುತ್ತೆ ನಿಜ, ಆದರೆ ಮೇಲ್ಪದರದಲ್ಲಿ ಸಿಕ್ಕಿಕೊಂಡ ಮರಳು ಕಟ್ಟರಿನ ಅಂಚು ತಿನ್ನುತ್ತೆ, ಒಳಗೆ ಗಾಳಿಗುಳ್ಳೆ ಸಿಕ್ಕರೆ ಅಚ್ಚೇ ದಂಡ.

6 ಮಿ.ಮೀ. ಎರಡು ಹಲ್ಲಿನ ಕಾರ್ಬೈಡ್, ಪಾಲಿಶ್ ಮಾಡಿದ, ಕೋಟಿಂಗ್ ಇಲ್ಲದ ಅಥವಾ ಡಿಎಲ್‌ಸಿ (ವಜ್ರದಂಥ ಇಂಗಾಲದ) ಕೋಟಿಂಗಿನದು. ಉಕ್ಕಿಗೆ ಅಂತ ಮಾರೋ ಕಪ್ಪು ಕೋಟಿಂಗಿನದರಲ್ಲಿ ಅಲ್ಯೂಮಿನಿಯಂ ಅಂಶವೇ ಇರುತ್ತೆ, ಜಾಬು ಅದಕ್ಕೆ ಅಂಟುತ್ತೆ. 12,000 ಆರ್‌ಪಿಎಂ × 2 ಹಲ್ಲು × 0.04 ಮಿ.ಮೀ. = ನಿಮಿಷಕ್ಕೆ 960 ಮಿ.ಮೀ. ಹೆದರಿಕೊಂಡು ಫೀಡ್ ಇಳಿಸಿ ಆರ್‌ಪಿಎಂ ಹಾಗೇ ಬಿಟ್ಟರೆ ಕಟ್ಟರ್ ಕತ್ತರಿಸೋ ಬದಲು ಉಜ್ಜುತ್ತೆ, ಕಾಯುತ್ತೆ, ಲೋಹ ಹಲ್ಲಿನ ಸಂದಿಗೆ ಮೆತ್ತಿ ಪಟ್ ಅಂತ ಮುರಿಯುತ್ತೆ. ಇಳಿಸೋದಾದರೆ ಎರಡನ್ನೂ ಇಳಿಸಿ. ಚೂರುಗಳನ್ನ ಗಾಳಿ ಹೊಡೆದು ತೆಗೀತಾ ಇರಬೇಕು. ಆಳದ ಅಚ್ಚಿನಲ್ಲಿ ಅವೇ ಮತ್ತೆ ಮತ್ತೆ ಕಟ್ಟರಿಗೆ ಸಿಗುತ್ತವೆ. ಸಾಲ್ಯುಬಲ್ ಆಯಿಲ್ ಮಿಸ್ಟ್ ಸಾಕು. ಸೀಮೆಎಣ್ಣೆ ಅಲ್ಯೂಮಿನಿಯಂಗೆ ಹಳೇ ಮದ್ದು, ಆದರೆ 12,000 ಆರ್‌ಪಿಎಂನಲ್ಲಿ ಅದು ಗಾಳಿಯಲ್ಲಿ ಮಂಜಾಗುತ್ತೆ, ಬೆಂಕಿಗೆ ದಾರಿ.

ಸಮಯ: 8 ಇಂಚಿನ ಚೌಕ, 20 ಮಿ.ಮೀ. ಆಳ ಅಂದರೆ ಸುಮಾರು 800 ಘನ ಸೆಂ.ಮೀ. ನಿಮಿಷಕ್ಕೆ 6ರಂತೆ ರಫಿಂಗ್‌ಗೆ (ಮೊದಲ ಒರಟು ಕೊರೆತಕ್ಕೆ) ಎರಡೂಕಾಲು ತಾಸು. ಫಿನಿಶಿಂಗ್‌ಗೆ 6 ಮಿ.ಮೀ. ಬಾಲ್‌ನೋಸ್ (ದುಂಡು ತುದಿಯ) ಕಟ್ಟರ್, ಸಾಲಿನಿಂದ ಸಾಲಿಗೆ 0.4 ಮಿ.ಮೀ. ಉಳಿಯೋ ದಿಂಡಿನ ಎತ್ತರ 0.007 ಮಿ.ಮೀ. ಅಷ್ಟೆ, ಎಮರಿಗೆ ಹೋಗುತ್ತೆ. ಅದಕ್ಕೆ ಒಂದೂವರೆ ತಾಸು. 0.2ಕ್ಕೆ ಇಳಿಸಿದರೆ ಸಮಯ ಎರಡು ಪಟ್ಟು, ಹಾಳೆ ತಟ್ಟೆಗೆ ಆ ನುಣುಪು ಬೇಕಾಗೇ ಇಲ್ಲ.

ಈಗ ಅಚ್ಚಿನಲ್ಲೇ ಆಗೋ ದೊಡ್ಡ ತಪ್ಪು. ಹೆಣ್ಣು ಅಚ್ಚಿನ ಮೈಯನ್ನೇ ತಗೊಂಡು, ಹಾಳೆ ದಪ್ಪ 2 ಮಿ.ಮೀ. ಅಂತ ಝಡ್‌ನಲ್ಲಿ 2 ಮಿ.ಮೀ. ಸರಿಸಿ ಗಂಡು ಅಚ್ಚು ಮಾಡಿಬಿಡ್ತಾರೆ. ತಳದಲ್ಲಿ ಅಂತರ 2 ಮಿ.ಮೀ. ಸರಿ. ಆದರೆ ತಳದಿಂದ 60 ಡಿಗ್ರಿ ಎದ್ದ ಓರೆ ಗೋಡೆಯಲ್ಲಿ ಮೈಗೆ ಲಂಬವಾಗಿ ಅಳೆದರೆ ಅಂತರ 1 ಮಿ.ಮೀ. ಮಾತ್ರ. ಹಾಳೆ ಅಲ್ಲಿ ಜಜ್ಜಿ ಹರಿಯುತ್ತೆ, ತಳಕ್ಕೆ ಒತ್ತಡವೇ ಬೀಳಲ್ಲ. ಘಟಕದವರು ಹಾಳೆ ಸರಿಯಾಗಿ ನೆನೆದಿಲ್ಲ ಅಂದುಕೊಳ್ಳುತ್ತಾರೆ. ಮೈಯನ್ನು ಸರಿಸಬಾರದು, ಆಫ್‌ಸೆಟ್ ಮಾಡಬೇಕು.

ಇನ್ನೊಂದು, ಕಾವು. ಅಚ್ಚು ಕಾಯುತ್ತೆ, ಅದು ಕೂತಿರೋ ಪ್ಲೇಟು ಎಂಎಸ್. 250 ಮಿ.ಮೀ. ಉದ್ದಕ್ಕೆ 80 ಡಿಗ್ರಿ ಏರಿದರೆ ಅಲ್ಯೂಮಿನಿಯಂ 0.46 ಹಿಗ್ಗುತ್ತೆ, ಉಕ್ಕು 0.24. ನಾಲ್ಕೂ ಬೋಲ್ಟು ಬಿಗಿ ತೂತಿನಲ್ಲಿದ್ದರೆ ಅಚ್ಚು ಡೊಂಕಾಗುತ್ತೆ. ನಡುವೆ ಒಂದು ಪಿನ್ನು, ಬೋಲ್ಟಿನ ತೂತು 1 ಮಿ.ಮೀ. ದೊಡ್ಡದು.

ಸಾಫ್ಟ್‌ವೇರ್: ಫ್ಯೂಷನ್‌ನ ಪರ್ಸನಲ್ ಲೈಸೆನ್ಸ್ ವ್ಯಾಪಾರಕ್ಕಲ್ಲ. ಫ್ರೀಕ್ಯಾಡ್ ಉಚಿತ, ರಫಿಂಗ್‌ಗೆ ಅದರ ಅಡಾಪ್ಟಿವ್ ಚೆನ್ನಾಗಿದೆ. ತ್ರೀಡಿ ಸರ್ಫೇಸ್‌ಗೆ ಓಪನ್‌ಕ್ಯಾಮ್‌ಲಿಬ್ ಬೇಕು, ನಿಮ್ಮ ಇನ್‌ಸ್ಟಾಲ್‌ನಲ್ಲಿ ಅದು ಇಲ್ಲದಿದ್ದರೆ ಆ ಬಟನ್ ಕೆಲಸ ಮಾಡಲ್ಲ.

ಹಾಳೆತಟ್ಟೆ_ದಾವಣಗೆರೆ:

ಹೊಸ ಲೆಕ್ಕ, ಎಲ್ಲ ಜಿಎಸ್‌ಟಿ ಸೇರಿಸಿ ಎತ್ತಿಟ್ಟಿರೋದು: ಫ್ರೇಮ್, ಭಟ್ಟಿ, ಪ್ಲಾನೊ 70 ಸಾವಿರ. ರೈಲು, ಬಾಲ್‌ಸ್ಕ್ರೂ 60. ಮೋಟರ್, ಡ್ರೈವರ್, ಸಪ್ಲೈ 40. ಸ್ಪಿಂಡಲ್, ವಿಎಫ್‌ಡಿ 35. ಕಂಟ್ರೋಲರ್, ಪ್ಯಾನಲ್ 20. ಉಳಿದ 25 ಕಟ್ಟರ್, ಕೋಲೆಟ್, ಡಯಲ್‌ಗೆ. ಶಕ್ತಿ 80 ವ್ಯಾಟ್ ಸಾಕು ಅಂದಮೇಲೆ 1.5 ಕಿಲೋವ್ಯಾಟ್ ಸ್ಪಿಂಡಲ್ ತಗೊಳ್ಳಲಾ? ಜೋಡಿಸಿದ ಮೇಲೆ ಮೆಷಿನ್ ಸರಿ ಇದೆಯಾ ಅಂತ ಪರೀಕ್ಷೆ ಹೇಗೆ?

ಕರೂರು_ಫಿಟ್ಟರ್:

2.2 ಇರಲಿ. ಶಕ್ತಿಗಲ್ಲ, ಕೋಲೆಟ್‌ಗೆ. ಇಆರ್11 ಕೋಲೆಟ್ ಇದ್ದರೆ ಕಟ್ಟರ್ 7 ಮಿ.ಮೀ.ಗೇ ನಿಲ್ಲುತ್ತೆ, ಇಆರ್20 13 ಮಿ.ಮೀ. ತನಕ ಹಿಡಿಯುತ್ತೆ. ಕಟ್ಟರ್, ಕೋಲೆಟ್‌ಗೆ 25 ಸಾಲಬಹುದು, ಆದರೆ ಹಾಳಾಗೋ ಲೋಹಕ್ಕೂ ಅದರಲ್ಲೇ ಇಡಿ. 300×300×50 ಬ್ಲಾಕ್ ಒಂದು 12 ಕೆ.ಜಿ. ತೂಗುತ್ತೆ. ಪ್ರತಿ ಹೊಸ ಪ್ರೋಗ್ರಾಮನ್ನು ಮೊದಲು ಗಟ್ಟಿ ಫೋಮ್ ಮೇಲೆ ಓಡಿಸಿ.

ಪರೀಕ್ಷೆಗೆ ಮೊದಲು ಸ್ಪಿಂಡಲ್‌ಗೆ ಡಯಲ್ ಕಟ್ಟಿ ಟೇಬಲ್ ಮೇಲೆ 200 ಮಿ.ಮೀ. ಸುತ್ತು ಕೈಯಲ್ಲಿ ತಿರುಗಿಸಿ, 0.02ಕ್ಕೆ ಬರೋ ತನಕ ಶಿಮ್ ಹಾಕಿ. ಆಮೇಲೆ 300×300 ಚೌಕದ ನಾಲ್ಕು ಮೂಲೆಗೆ ತೂತು ಹೊಡೆದು ಪಿನ್ ಕೂರಿಸಿ ಕರ್ಣ ಅಳೆಯಿರಿ, ಎರಡೂ 424.26 ಬರಬೇಕು. ಎರಡರ ನಡುವೆ 0.1 ವ್ಯತ್ಯಾಸ ಇದ್ದರೆ 300 ಮಿ.ಮೀ.ಗೆ 0.07 ಓರೆ ಇದೆ ಅಂತ. ಚೌಕ ತಟ್ಟೆಯ ಗಂಡು ಅಚ್ಚನ್ನು ಮಗುಚಿ ಹೆಣ್ಣಿನೊಳಗೆ ಕೂರಿಸೋದರಿಂದ ಈ ಓರೆ ಕಳೆದುಹೋಗಲ್ಲ, ಎರಡು ಪಟ್ಟಾಗುತ್ತೆ. ಹಾಗಾಗಿ ಇಲ್ಲಿ ರಾಜಿ ಬೇಡ.

ಪ್ಲೇ ನೋಡೋಕೆ: ಡಯಲ್ ಟೇಬಲ್‌ಗೆ ತಾಗಿಸಿ, ಒಂದೇ ದಿಕ್ಕಿನಿಂದ ಬಂದು ಸೊನ್ನೆ ಮಾಡಿ, 1 ಮಿ.ಮೀ. ಮುಂದೆ ಹೋಗಿ 1 ಮಿ.ಮೀ. ವಾಪಸ್. ಎಷ್ಟು ಉಳಿಯಿತೋ ಅದು ಪ್ಲೇ. 0.05ರ ಹತ್ತಿರ ಇದ್ದರೆ ಬಾಲ್‌ಸ್ಕ್ರೂ ನಟ್ಟಿನದು, ಸಿಂಗಲ್ ನಟ್‌ನ ಸಿ7 ದರ್ಜೆಯ ಸ್ಕ್ರೂಗೆ ಅದು ಸಹಜ. 0.1 ದಾಟಿದರೆ ಮೊದಲು ಬಾಲ್‌ಸ್ಕ್ರೂ ತುದಿ ಹಿಡಿಯೋ ಬಿಕೆ12 ಬೇರಿಂಗ್ ಬ್ಲಾಕಿನ ಲಾಕ್‌ನಟ್ ನೋಡಿ, ಆಮೇಲೆ ಕಪ್ಲಿಂಗ್. ಸುರುಳಿ ಸೀಳಿನ ಅಲ್ಯೂಮಿನಿಯಂ ಕಪ್ಲಿಂಗ್ ಸ್ಪ್ರಿಂಗಿನ ಹಾಗೆ ಆಡುತ್ತೆ, ಅದನ್ನ ಕಿತ್ತು ಜಾ ಮಾದರಿ ಹಾಕಿ. ಜಿಆರ್‌ಬಿಎಲ್, ಫ್ಲೂಯಿಡ್‌ಎನ್‌ಸಿ ಎರಡರಲ್ಲೂ ಪ್ಲೇಗೆ ಸರಿದೂಗಿಸೋ ಸೆಟ್ಟಿಂಗ್ ಇಲ್ಲ, ಲಿನಕ್ಸ್‌ಸಿಎನ್‌ಸಿಯಲ್ಲಿ ಇದೆ. ಫಿನಿಶಿಂಗ್ ಪಾಸನ್ನು ಒಂದೇ ದಿಕ್ಕಿನಲ್ಲಿ ಓಡಿಸಿದರೆ ಸೆಟ್ಟಿಂಗ್ ಇಲ್ಲದೆಯೂ ಅರ್ಧ ತೊಂದರೆ ಹೋಗುತ್ತೆ. ಗಾಳಿಯಲ್ಲಿ ವಾಪಸ್ ಬರೋ ಸಮಯ ಹೆಚ್ಚಾಗುತ್ತೆ, ಆಗಲಿ.